ಚಿಕ್ಕಿಯ ಗಾಡಿಗೆ ಎಣ್ಣೆ ಹಾಕಿದ್ದು

ನನ್ನ ಚಿಕ್ಕಿಗೆ, ಅಂದರೆ ಅಮ್ಮನ ತಂಗಿಗೆ, ಹೊಸನಗರದ ಹತ್ತಿರ ರಸ್ತೆಗೆ ತಾಗಿಕೊಂಡೇ ಒಂದು ನರ್ಸರಿ ಇದೆ. ಕಾಳುಮೆಣಸಿನ ಬಳ್ಳಿ, ಜಾಯಿಕಾಯಿ, ಕಸಿ ಮಾಡಿದ ಮಾವು, ದಾಸವಾಳ, ಆಂಥೂರಿಯಂ, ಏನು ಕೇಳಿದರೂ ಅವಳಲ್ಲಿ ಸಿಗುತ್ತದೆ. ಇಲ್ಲದ್ದನ್ನು ಇಲ್ಲ ಎನ್ನುವ ಅಭ್ಯಾಸ ಅವಳಿಗಿಲ್ಲ, ಮುಂದಿನ ವಾರ ಬನ್ನಿ ಎಂದು ಕಳಿಸಿ ಹೇಗಾದರೂ ತರಿಸಿ ಇಟ್ಟಿರುತ್ತಾಳೆ. ಚಿಕ್ಕಪ್ಪ ತೀರಿಕೊಂಡ ಮೇಲೆ ಇಬ್ಬರು ಹೆಂಗಸರನ್ನು ಕೆಲಸಕ್ಕಿಟ್ಟುಕೊಂಡು ತಾನೇ ನಡೆಸುತ್ತಿದ್ದಾಳೆ. ಜಾಗ ಮಾತ್ರ ಇಳಿಜಾರು. ಕೆಳಗೆ ರಸ್ತೆಯ ಬದಿಯಲ್ಲಿ ಮಾರಾಟದ ಗಿಡಗಳು. ಮೇಲೆ, ನೆರಳುಬಲೆಯ ಅಡಿಯಲ್ಲಿ, ಎಳೆಯ ಸಸಿಗಳು. ನಡುವೆ ಕೆಮ್ಮಣ್ಣಿನ ಒಂದು ಏರುದಾರಿ.

ಆ ಏರುದಾರಿಯೇ ಅವಳ ಮೊಣಕಾಲುಗಳನ್ನು ತಿಂದು ಹಾಕಿತು ಎಂದು ಮನೆಯವರೆಲ್ಲ ಹೇಳುತ್ತಾರೆ. ವಯಸ್ಸಾಯಿತು, ಅಷ್ಟೇ, ಎಂದು ಡಾಕ್ಟರು ಹೇಳುತ್ತಾರೆ. ಎರಡೂ ಕಾಲು ನೋವು, ಎಡಗಾಲು ಹೆಚ್ಚು. ಕೆಲವು ವರ್ಷದ ಹಿಂದೆ ಅದು ತೀರಾ ಜೋರಾದಾಗ ಮಾವ ಅವಳನ್ನು ನೋಡಲು ಬಂದಿದ್ದರು. ಮಾವ ಎಂದರೆ ಅಮ್ಮನಿಗೂ ಚಿಕ್ಕಿಗೂ ಅಣ್ಣ. ಜೋಗದ ವಿದ್ಯುತ್ ಕೇಂದ್ರದಲ್ಲಿ ಟರ್ಬೈನುಗಳ ನಡುವೆ ಜೀವಮಾನವೆಲ್ಲ ಕಳೆದು, ನಿವೃತ್ತರಾದ ಮೇಲೂ ಅಲ್ಲೇ ಹತ್ತಿರ ಮನೆ ಮಾಡಿಕೊಂಡಿರುವವರು. ಅವರು ಜಗುಲಿಯ ಮೇಲೆ ಕೂತು, ಕಾಫಿ ಕುಡಿಯುತ್ತ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಎಂತಕ್ಕೆ ಇನ್ನು ಈ ಒದ್ದಾಟ? ಕಾಲಂತೂ ಹೋತು. ನರ್ಸರಿ ಯಾರಿಗಾದ್ರೂ ಕೊಟ್ಟು ನಮ್ಮನೆಗೆ ಬಂದ್ಬಿಡು. ಒಂದು ಕೋಣೆ ಖಾಲಿ ಇದೆ."

ಕೋಣೆಯ ಮಾತು ಚಿಕ್ಕಿಗೆ ಕೇಳಿಸಲೇ ಇಲ್ಲ. ಕೇಳಿಸಿದ್ದು "ಕಾಲಂತೂ ಹೋತು" ಎಂಬುದು ಮಾತ್ರ. ಲೋಟ ತೊಳೆದಿಟ್ಟಳು. ಮಾವನನ್ನು ಬಸ್ಸಿನವರೆಗೆ ಬಿಡಲು ಗೇಟಿಗೂ ಬರಲಿಲ್ಲ. ಅಲ್ಲಿಂದ ಮುಂದೆ ಅಣ್ಣತಂಗಿಯರ ಮಾತು ನಿಂತಿತು. ಹಬ್ಬಕ್ಕೆ ಅವರು ಫೋನ್ ಮಾಡಿದರೆ ಇವಳು ಕೆಲಸದವಳ ಕೈಗೆ ಕೊಟ್ಟು, "ತೋಟದಾಗಿದಾರೆ ಅಂತ ಹೇಳು" ಎನ್ನುತ್ತಿದ್ದಳು.

ಇದಾಗಿ ಸ್ವಲ್ಪ ದಿನಕ್ಕೆ ಅವಳು ಆ ಗಾಡಿಯನ್ನು ಕೊಂಡಳು. ಯಾವುದೋ ರೆಸಾರ್ಟಿನವರು ಹುಲ್ಲುಹಾಸು ಕತ್ತರಿಸಲೆಂದು ತರಿಸಿ, ಆಮೇಲೆ ಬೇಡವಾಗಿ ಮಾರಿದ್ದ ಪುಟ್ಟ ಗಾರ್ಡನ್ ಟ್ರ್ಯಾಕ್ಟರು. ಎತ್ತರ ನಮ್ಮ ಸೊಂಟದಷ್ಟು. ಹಿಂದೆ ಕುಂಡ ತುಂಬುವ ಒಂದು ಚಿಕ್ಕ ಟ್ರೇಲರು. ಅದರ ವಿಶೇಷವೆಂದರೆ ಕ್ಲಚ್ಚೂ ಇಲ್ಲ, ಗೇರೂ ಇಲ್ಲ. ಬಲಗಾಲ ಬಳಿ ಒಂದು ಪೆಡಲು. ಮುಂಗಾಲಿನಿಂದ ಒತ್ತಿದರೆ ಮುಂದೆ, ಹಿಮ್ಮಡಿಯಿಂದ ಒತ್ತಿದರೆ ಹಿಂದೆ. ಎಷ್ಟು ಒತ್ತುತ್ತೇವೋ ಅಷ್ಟು ವೇಗ. ಎಂಜಿನ್ ಒಂದು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಒತ್ತುತ್ತದೆ, ಆ ಎಣ್ಣೆಯ ಒತ್ತಡಕ್ಕೆ ಚಕ್ರ ತಿರುಗುತ್ತದೆ. ಹೈಡ್ರಾಲಿಕ್ ಡ್ರೈವ್ ಎಂದು ಅದಕ್ಕೆ ಹೆಸರು. ಚಿಕ್ಕಿಗೆ ಹೆಸರು ಬೇಕಾಗಿರಲಿಲ್ಲ. ಎಡಗಾಲಿಗೆ ಕೆಲಸವಿಲ್ಲ ಎಂಬುದಷ್ಟೇ ಅವಳಿಗೆ ಬೇಕಿದ್ದದ್ದು.

ಅವಳು ಮೊದಲ ಸಲ ಅದರ ಮೇಲೆ ಕೂತು ಗುಡ್ಡ ಹತ್ತಿದ ದಿನ ನಾನು ಅಲ್ಲಿದ್ದೆ. ಸೀರೆಯ ನೆರಿಗೆಯನ್ನು ಒಟ್ಟುಮಾಡಿ ಸಿಕ್ಕಿಸಿಕೊಂಡು, ತಲೆಗೆ ಟವೆಲು ಸುತ್ತಿ, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ನೇರ ನೋಡುತ್ತ ಹೋದಳು. ಮೇಲೆ ಮುಟ್ಟಿದ ಮೇಲೆ ತಿರುಗಿ ಕೂಗಿದಳು: "ಹೇಳು ನಿನ್ ಮಾವಂಗೆ!"

ನಾನು ಹೇಳಲಿಲ್ಲ. ಆದರೆ ಇಂಥ ಸುದ್ದಿ ಹೊಸನಗರದಿಂದ ಜೋಗಕ್ಕೆ ತಾನಾಗಿಯೇ ಹೋಗುತ್ತದೆ.

ಗಾಡಿ ಕೆಲವು ವರ್ಷ ಚೆನ್ನಾಗಿಯೇ ಓಡಿತು. ಹೋದ ವರ್ಷ ಚಳಿ ಮುಗಿದು ಬಿಸಿಲು ಏರುತ್ತಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಚಿಕ್ಕಿಯ ಫೋನ್ ಬಂತು. ನಾನು ತೀರ್ಥಹಳ್ಳಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಕೆಲಸದ ಹೊತ್ತಿನಲ್ಲಿ ಅವಳು ಫೋನ್ ಮಾಡುವವಳಲ್ಲ.

"ಗಾಡಿ ಗುಡ್ಡ ಹತ್ತಲ್ಲ ಕಣೆ," ಎಂದಳು. "ಬೆಳಿಗ್ಗೆ ಸರಿ ಇರತ್ತೆ. ಸ್ವಲ್ಪ ಬಿಸಿಯಾದ ಕೂಡ್ಲೆ ಎಂಜಿನ್ ಹೂಂಕರಿಸತ್ತೆ, ಚಕ್ರ ಮಾತ್ರ ತಿರುಗಲ್ಲ. ಏರಲ್ಲೇ ನಿಂತ್ಬಿಡ್ತು ಇವತ್ತು. ಕುಂಡ ಎಲ್ಲ ಇಳ್ಸಿ ತಳ್ಳಿದ್ವಿ."

"ಮೆಕ್ಯಾನಿಕ್ ಕರೀಲಿಲ್ವಾ?"

"ಬಂದಿದ್ದ, ಪಾಪ. ಬೆಲ್ಟ್ ನೋಡ್ದ, ಹೊಸ್ದು ಹಾಕ್ದ. ಟಿಲ್ಲರ್ ಆದ್ರೆ ಬಿಚ್ಚಿ ಜೋಡಿಸ್ತೀನಿ ಅಮ್ಮಾ, ಇದಕ್ಕೆ ಗೇರ್‌ಬಾಕ್ಸೇ ಇಲ್ಲ, ಎಣ್ಣೆ ಮೇಲೆ ಓಡೋದು, ತಿಳೀದೆ ಕೈ ಹಾಕಿ ಹಾಳ್ಮಾಡಲ್ಲ ಅಂದ. ಅದಕ್ಕೇ ನಿಂಗೆ ಫೋನ್ ಮಾಡ್ದೆ."

"ನಂಗೇನು ಗೊತ್ತು ಚಿಕ್ಕಿ?"

"ದಿನಾ ಬಾಟ್ಲಿಲಿ ಹಾಕಿದ್ದು ನೋಡಿ ರೋಗ ಹೇಳ್ತೀಯಲ್ಲ. ಇದರ ಎಣ್ಣೆನೂ ನೋಡು ಬಾ."

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಚೀಲದಲ್ಲಿ ಲ್ಯಾಬಿನ ಕೆಲವು ಹೊಸ ಬಾಟಲಿಗಳನ್ನು ನಿಜವಾಗಿಯೂ ಹಾಕಿಕೊಂಡಿದ್ದೆ. ನಗಬೇಕೋ ಬೇಡವೋ ನನಗೇ ತಿಳಿಯಲಿಲ್ಲ.

ಗಾಡಿ ಏರುದಾರಿಯ ಬುಡದಲ್ಲಿ ನಿಂತಿತ್ತು. ನಾಲ್ಕೂ ಕಡೆ ಲಕಲಕ ಹೊಳೆಯುತ್ತಿತ್ತು. ಸೀಟಿನ ಹಿಂದೆ ಎಣ್ಣೆಯ ಟ್ಯಾಂಕು. ಮುಚ್ಚಳ ತಿರುಗಿಸಿ ತೆಗೆದು ಇಣುಕಿದೆ. ಎಣ್ಣೆ ಎಂದರೆ ನನ್ನ ಕಲ್ಪನೆಯಲ್ಲಿ ಜೇನಿನ ಬಣ್ಣದ್ದು. ಇಲ್ಲಿ ಇದ್ದದ್ದು ಹಾಲು ಹೆಚ್ಚಾದ ಚಹಾದ ಬಣ್ಣ. ಮೇಲೆ ಸಣ್ಣ ನೊರೆ ಬೇರೆ.

"ಹಿಂಗಿರ್ಬೇಕಾ ಇದು?" ಎಂದೆ.

"ನಾನು ಎಲ್ಲಿ ಇಣುಕಿ ನೋಡಿದೀನಿ? ನೋಡ್ಬೇಕಿತ್ತನಾ?"

ನಾನು ಒಂದು ಬಾಟಲಿಗೆ ಎಣ್ಣೆ ತೆಗೆದುಕೊಂಡು ಬೆಳಕಿಗೆ ಹಿಡಿದೆ. ಆರೋಗ್ಯದ ಲಕ್ಷಣ ಅಲ್ಲ ಎಂಬುದಷ್ಟೇ ಗೊತ್ತಾಯಿತು. ಅದಕ್ಕಿಂತ ಹೆಚ್ಚು ಹೇಳಬಲ್ಲವರು ನಮ್ಮ ಕುಟುಂಬದಲ್ಲಿ ಒಬ್ಬರೇ ಇದ್ದರು. ಚಿಕ್ಕಿಗೂ ಅದು ಗೊತ್ತಿತ್ತು. ಅವಳು ದಾಸವಾಳದ ಗಿಡದ ಒಣಗಿದ ಎಲೆ ಕೀಳುತ್ತ ಬೇರೆ ಕಡೆ ನೋಡುತ್ತಿದ್ದಳು.

"ಮಾವಂಗೆ ಫೋನ್ ಮಾಡ್ಲಾ?"

"ನಿನ್ ಫೋನು. ಯಾರಿಗೆ ಬೇಕಾದ್ರೂ ಮಾಡ್ಕ."

ಕೈಗೆ ಎಣ್ಣೆ ಮೆತ್ತಿಕೊಂಡಿದ್ದರಿಂದ ಸ್ಪೀಕರ್ ಹಾಕಿ ಫೋನನ್ನು ಸೀಟಿನ ಮೇಲಿಟ್ಟೆ. ನಿಜ ಹೇಳಬೇಕೆಂದರೆ ಎಡಗೈ ಶುಚಿಯಾಗಿಯೇ ಇತ್ತು.

ಮಾವ ಎಲ್ಲ ಕೇಳಿಸಿಕೊಂಡರು. ತಣ್ಣಗಿದ್ದಾಗ ಓಡುತ್ತದೆ, ಬಿಸಿಯಾದರೆ ನಿಲ್ಲುತ್ತದೆ, ಎಂಜಿನ್ ಮಾತ್ರ ಹೂಂಕರಿಸುತ್ತಲೇ ಇರುತ್ತದೆ, ಎಣ್ಣೆ ಬೆಳ್ಳಗಾಗಿದೆ. ಒಂದೊಂದನ್ನೂ ಎರಡೆರಡು ಸಲ ಹೇಳಿಸಿದರು. ಅವರ ದನಿಯಲ್ಲಿ ನಾನು ಬಹಳ ದಿನದಿಂದ ಕೇಳದಿದ್ದ ಚುರುಕು ಬಂತು.

"ಬೆಳ್ಳಗಾಗಕ್ಕೆ ಎರಡು ಕಾರಣ," ಎಂದರು. "ಗಾಳಿ ಸೇರಿದ್ರೂ ಹಂಗೇ ಕಾಣ್ತದೆ, ನೀರು ಸೇರಿದ್ರೂ ಹಂಗೇ ಕಾಣ್ತದೆ. ಬಾಟ್ಲಿನ ಅಲುಗಾಡಿಸ್ದೆ ಒಂದ್ಕಡೆ ಇಡು. ಗಾಳಿ ಆದ್ರೆ ಗುಳ್ಳೆ ಮೇಲೆ ಬಂದು ಎಣ್ಣೆ ತಿಳಿ ಆಗ್ತದೆ. ನೀರಾದ್ರೆ ಎಷ್ಟು ಹೊತ್ತಾದ್ರೂ ಬೆಳ್ಳಗೇ ಇರ್ತದೆ. ಅಲ್ಲಿವರೆಗೆ ಗಾಡಿ ಚಾಲೂ ಮಾಡ್ಬೇಡಿ ಅಂತ ಹೇಳು ಅವ್ಳಿಗೆ."

ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಆದರೂ ನಾನು ತಿರುಗಿ ಹೇಳಿದೆ, "ಚಾಲೂ ಮಾಡ್ಬಾರ್ದಂತೆ."

"ನಾನೆಂತ ಹುಚ್ಚಿಯಾ ಚಾಲೂ ಮಾಡಕ್ಕೆ, ಅಂತ ಹೇಳು."

"ಆಯ್ತಂತೆ ಮಾವ," ಎಂದೆ.

ಬಾಟಲಿಯನ್ನು ತುಳಸಿಕಟ್ಟೆಯ ಮೇಲಿಟ್ಟು ತಿಂಡಿ ತಿಂದೆವು. ಚಿಕ್ಕಿ ದೋಸೆ ಹಾಕುತ್ತ ನಡುನಡುವೆ ಬಾಗಿಲಿಗೆ ಬಂದು ನೋಡಿ ಹೋಗುತ್ತಿದ್ದಳು. ಮೇಲಿನ ನೊರೆಯೇನೋ ಒಡೆಯಿತು. ಕೆಳಗಿನ ಎಣ್ಣೆ ಹಾಗೇ ಬೆಳ್ಳಗೆ ಉಳಿಯಿತು. ಮತ್ತೆ ಫೋನ್ ಮಾಡಿದೆ.

"ಹಂಗಾದ್ರೆ ನೀರು," ಎಂದರು ಮಾವ. "ಇನ್ನೊಂದು ಪರೀಕ್ಷೆ ಮಾಡು. ಒಂದು ಕಾವಲಿ ಕಾಯಿಸಿ, ಒಲೆ ಆರಿಸಿ, ಆಮೇಲೆ ಒಂದೇ ತೊಟ್ಟು ಹಾಕು. ದೂರ ನಿಂತ್ಕ. ಚಟಚಟ ಅಂದ್ರೆ ನೀರಿದೆ ಅಂತಲೇ ಅರ್ಥ. ಸುಮ್ಮನೆ ಹರಡಿದ್ರೆ ಇಲ್ಲ."

"ನನ್ ದೋಸೆ ಕಾವಲಿ ಕೊಡಲ್ಲ," ಎಂದಳು ಚಿಕ್ಕಿ, ಗಾಡಿಯ ಕಡೆ ನೋಡುತ್ತ.

"ದೋಸೆ ಕಾವಲಿ ಯಾರು ಕೇಳಿದ್ರು? ಹಳೇದು ಒಂದು ಇರ್ಬೇಕಲ್ಲ, ಅಮ್ಮನ ಕಾಲದ್ದು, ಹಿಡಿ ಮುರಿದದ್ದು," ಎಂದಿತು ಫೋನು.

ಚಿಕ್ಕಿ ಅಟ್ಟದ ಕೆಳಗಿನ ಮೂಲೆಯಿಂದ ಆ ಹಿಡಿ ಮುರಿದ ಕಾವಲಿಯನ್ನು ತಂದಳು. ಅದು ಇನ್ನೂ ಇದೆ ಎಂಬುದು ಅವರಿಗೆ ಹೇಗೆ ಗೊತ್ತು ಎಂದು ಅವಳು ಕೇಳಲಿಲ್ಲ. ಅಂಗಳದಲ್ಲಿ ಇದ್ದಿಲ ಒಲೆಯ ಮೇಲೆ ಕಾಯಿಸಿ, ಕೆಳಗಿಳಿಸಿ, ಒಂದು ತೊಟ್ಟು ಬಿಟ್ಟೆ. ಸಾಸಿವೆ ಸಿಡಿದ ಹಾಗೆ ಸಿಡಿಯಿತು. ಇಬ್ಬರೂ ಹಿಂದಕ್ಕೆ ಹಾರಿದೆವು.

"ಕೇಳ್ತು," ಎಂದರು ಮಾವ, ಫೋನಿನಲ್ಲಿ. "ನೀರು ಎಲ್ಲಿಂದ ಬಂತು ಅಂತ ನೋಡ್ಬೇಕೀಗ. ಗಾಡಿ ಹೊರಗೆ ನಿಲ್ಲಿಸ್ತಾಳಾ?"

"ಇಲ್ಲ, ಶೆಡ್ಡಿದೆ."

"ಮುಚ್ಚಳ ಒಡೆದಿದ್ಯಾ?"

ನೋಡಿದೆ. ಮುಚ್ಚಳದ ನಡುವೆ ಟ್ಯಾಂಕು ಉಸಿರಾಡಲು ಒಂದು ಸಣ್ಣ ರಂಧ್ರ, ಅದರ ಮೇಲೊಂದು ಪ್ಲಾಸ್ಟಿಕ್ ಟೋಪಿ. ಟೋಪಿ ಅರ್ಧ ಸೀಳಿತ್ತು, ಮಾವನಿಗೆ ಹೇಳಿದೆ. ಎಣ್ಣೆಯ ಹೆಸರು ಬರೆದ ಸ್ಟಿಕರು ಎಲ್ಲಿದೆ ಎಂದು ಹುಡುಕಿದರೆ, ಅಂಟಿನ ಗುರುತು ಮಾತ್ರ ಉಳಿದು ಸ್ಟಿಕರೇ ಇರಲಿಲ್ಲ. ಆಗ ನನಗೆ ಗಾಡಿಯ ಹೊಳಪಿನ ಅರ್ಥವಾಯಿತು.

"ಚಿಕ್ಕಿ, ಇದನ್ನ ತೊಳೀತೀಯಾ?"

"ತೊಳೀದೆ ಮತ್ತೆ? ಸಾಯಂಕಾಲ ಕೆಲ್ಸ ಮುಗಿದ ಮೇಲೆ ಪೈಪ್ ಹಿಡಿದು ತೊಳ್ದೇ ಒಳಗೆ ನಿಲ್ಲಿಸದು."

"ದಿನಾ?"

"ದಿನಾ."

ಫೋನಿನಲ್ಲಿ ಮಾವ ನಗತೊಡಗಿದರು. ಕೆಮ್ಮು ಬರುವವರೆಗೆ ನಕ್ಕರು. "ಟ್ರ್ಯಾಕ್ಟರಿಗೆ ಮೈ ತೊಳಿಸ್ತಾಳಂತೆ! ಎಮ್ಮೆ ಅಂತ ಮಾಡಿದಾಳಾ ಅದನ್ನ?"

"ನಾನು ಕೂತ್ಕಳದು ಅದ್ರ ಮೇಲೆ," ಎಂದಳು ಚಿಕ್ಕಿ, ನೇರ ಫೋನಿಗೆ. "ದಿನವಿಡೀ ನನ್ನ ಹೊತ್ತು ತಿರುಗತ್ತೆ. ಮಣ್ಣು ಮೆತ್ಕಂಡು ಹಂಗೇ ನಿಲ್ಸಕ್ಕೆ ನನ್ ಕೈಲಿ ಆಗಲ್ಲ. ನಿಂಗೆ ಆಗತ್ತಾ?"

ಹೇಳಿದ ಮೇಲೆ ಯಾರೊಂದಿಗೆ ಮಾತಾಡಿದೆ ಎಂಬುದು ಅವಳಿಗೆ ಅರಿವಾಯಿತು. ಟವೆಲು ಹೆಗಲಿಗೆ ಹಾಕಿಕೊಂಡು ಮೆಣಸಿನ ಸಸಿಗಳ ಕಡೆ ನಡೆದುಬಿಟ್ಟಳು. ನಡೆಯುವಾಗ ಎಡಗಾಲನ್ನು ಎಳೆಯುತ್ತಿದ್ದಳು.

ಮಾವನ ದನಿ ಇಳಿಯಿತು. "ಹೋದ್ಲಾ?"

"ಹೋದ್ಲು."

"ತೊಳಿಯದು ತಪ್ಪಲ್ಲ. ಆ ಟೋಪಿ ಸೀಳಿ ನೀರು ಒಳಗೆ ಹೋಗಿದ್ದು ಅವ್ಳಿಗೆ ಹೆಂಗ್ ಗೊತ್ತಾಗ್ಬೇಕು," ಎಂದರು. "ಈಗ ಆ ಎಣ್ಣೆ ಪೂರ್ತಿ ತೆಗೀಬೇಕು. ನೀರು ಬೆರೆತು, ಬಿಸಿಯಾದ ಕೂಡ್ಲೆ ಅದಕ್ಕೆ ಒತ್ತೋ ಶಕ್ತಿನೇ ಇರಲ್ಲ. ಫಿಲ್ಟರೂ ಬದಲಿಸ್ಬೇಕು. ಫಿಲ್ಟರಿಂದು, ಟ್ಯಾಂಕಿಂದು, ಕೆಳಗಿನ ಪಂಪಿಂದು ಒಂದೊಂದು ಫೋಟೋ ಕಳ್ಸು. ಸಾಗರದ ಅಂಗಡಿಗಳಲ್ಲಿ ವಿಚಾರಿಸ್ತೀನಿ. ಸಿಕ್ಕಿದ್ರೆ ಯಾರ ಕೈಲಾದ್ರೂ ಕಳಿಸ್ತೀನಿ, ಮುಂದಿನ ಭಾನುವಾರ ನೀನೂ ಬಾ."

ಆ ವಾರವೆಲ್ಲ ಕೆಲಸದ ಹೆಂಗಸರು ಬುಟ್ಟಿಯಲ್ಲಿ ಸಸಿ ಹೊತ್ತರು. ಚಿಕ್ಕಿ ಕೆಳಗೇ ಕೂತಿದ್ದಳು. ಮೇಲಿನ ಸಸಿಗಳಿಗೆ ನೀರು ಸರಿಯಾಗಿ ಬಿತ್ತೋ ಇಲ್ಲವೋ ಎಂದು ಕೆಳಗಿಂದಲೇ ಕೂಗಿ ಕೂಗಿ ಕೇಳುತ್ತಿದ್ದಳಂತೆ. ಫೋನಿನಲ್ಲಿ ಅವಳ ಗಂಟಲು ಒಡೆದಿತ್ತು. "ನಾನೇ ನೋಡ್ದೆ ಹೆಂಗೆ ಗೊತ್ತಾಗತ್ತೆ ಹೇಳು," ಎಂದಳು. ಮಾವ ಅವತ್ತು ಜಗುಲಿಯ ಮೇಲೆ ಹೇಳಿದ ಮಾತು ಅವಳ ತಲೆಯಲ್ಲಿ ಮತ್ತೆ ಓಡುತ್ತಿರಬೇಕು ಎಂದು ನನಗೆ ಅನ್ನಿಸಿತು.

ಮುಂದಿನ ಭಾನುವಾರ ಸಾಗರದ ಕಡೆಯಿಂದ ಬಂದ ಬಸ್ಸು ನರ್ಸರಿಯ ಎದುರು ನಿಂತಿತು. ಎಣ್ಣೆಯ ಕ್ಯಾನುಗಳು ಮೊದಲು ಇಳಿದವು, ಆಮೇಲೆ ಒಂದು ಕೈಚೀಲ, ಆಮೇಲೆ ಕಂಬಿ ಹಿಡಿದು ನಿಧಾನವಾಗಿ ಮಾವ. ನಾನು ನೋಡಿ ಬಹಳ ದಿನವಾಗಿತ್ತು. ತೆಳ್ಳಗಾಗಿದ್ದರು. ಗೇಟಿನಿಂದ ಶೆಡ್ಡಿಗೆ ಬರುವಷ್ಟರಲ್ಲಿ ಒಮ್ಮೆ ನಿಂತು ಉಸಿರು ತೆಗೆದುಕೊಂಡರು.

ಚಿಕ್ಕಿ ಅದನ್ನು ನೋಡಿದಳು. ನನ್ನ ಕಡೆ ತಿರುಗಿ, "ಬಂದೋರಿಗೆ ಕಾಫಿ ಬೇಕಾ ಕೇಳು," ಎಂದಳು.

"ಬೇಕಂತೆ ಅಂತ ಹೇಳು," ಎಂದರು ಮಾವ. "ಸಕ್ಕರೆ ಕಮ್ಮಿ."

"ಯಾವಾಗಿಂದ?" ಎಂದು ಚಿಕ್ಕಿಯ ಬಾಯಿಂದ ಬಂದೇಬಿಟ್ಟಿತು.

"ಎರಡು ವರ್ಷ ಆಯ್ತು."

ಅವಳು ಒಳಗೆ ಹೋದಳು. ಕಾಫಿ ಬರಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಕೆಲಸ ಶುರುವಾಯಿತು. ಮಾವ ಒಂದು ಮಣೆ ಹಾಕಿಕೊಂಡು ಗಾಡಿಯ ಪಕ್ಕ ಕೂತರು. ಹಳೆಯ ಎಣ್ಣೆ ಸಲೀಸಾಗಿ ಇಳಿಯಲಿ ಎಂದು ಗಾಡಿಯನ್ನು ಒಂದೆರಡು ನಿಮಿಷ ಮಾತ್ರ ಚಾಲೂ ಮಾಡಿಸಿ ನಿಲ್ಲಿಸಿದರು. ಕೆಳಗಿನ ಬೋಲ್ಟು ಬಿಚ್ಚಿದಾಗ ಮೊದಲು ಬಂದದ್ದು ಬರಿಯ ನೀರು, ಆಮೇಲೆ ಆ ಚಹಾ. ಅದನ್ನು ಬಕೆಟ್ಟಿನಲ್ಲಿ ಹಿಡಿದೆವು. ಒಂದು ಹನಿಯೂ ಗಿಡದ ಬುಡಕ್ಕೆ ಹೋಗಬಾರದೆಂದು ಚಿಕ್ಕಿ ಕೆಳಗೆ ಹಳೆಯ ಗೋಣಿ ಹಾಸಿ ಕಾವಲು ನಿಂತಳು. ಆ ಎಣ್ಣೆಯನ್ನು ಆಮೇಲೆ ಕ್ಯಾನಿಗೆ ತುಂಬಿ ಗ್ಯಾರೇಜಿನವನಿಗೆ ಕೊಟ್ಟೆವು. ಸ್ವಲ್ಪ ಹೊಸ ಎಣ್ಣೆ ಹಾಕಿ, ಟ್ಯಾಂಕು ಅಲುಗಿಸಿ, ಅದನ್ನೂ ಬಕೆಟ್ಟಿಗೆ ಚೆಲ್ಲಿದರು. ಆ ಹೊಸ ಎಣ್ಣೆ ಚೆಲ್ಲುವಾಗ ಚಿಕ್ಕಿಯ ಮುಖ ನೋಡಬೇಕಿತ್ತು.

"ಬಟ್ಟೆಲಿ ಒಳಗೆ ಒರೆಸ್ಲಾ?" ಎಂದೆ.

"ಬೇಡ. ಬಟ್ಟೆ ನೂಲು ಬಿಡತ್ತೆ. ಒಂದು ಎಳೆ ಸಾಕು ಪಂಪಿಗೆ ಸಿಕ್ಕೊಳ್ಳಕ್ಕೆ. ದೊಡ್ಡ ಯಂತ್ರ ಆಗ್ಲಿ, ಈ ಆಟಿಕೆ ಆಗ್ಲಿ, ಎಣ್ಣೆ ಶುದ್ಧ ಇದ್ರೆ ಅರ್ಧ ಕೆಲ್ಸ ಆದಂಗೆ. ಅಲ್ಲಿ ಟರ್ಬೈನಿಗೆ ನೀರು ಬಿಡದು, ನಿಲ್ಸದು ಎಲ್ಲ ಎಣ್ಣೆ ಒತ್ತಡದಿಂದ್ಲೇ ಗೊತ್ತಾ."

"ಆಟಿಕೆ ಅಂತೆ," ಎಂದಳು ಚಿಕ್ಕಿ, ಗೋಣಿಗೆ.

ಹೊಸ ಫಿಲ್ಟರ್ ಹಾಕಿ, ಸಣ್ಣ ಜಾಲರಿಯ ಆಲಿಕೆ ಇಟ್ಟು ಗುರುತಿನವರೆಗೆ ಹೊಸ ಎಣ್ಣೆ ತುಂಬಿದೆವು. ಜೇನಿನ ಬಣ್ಣ. ಚಿಕ್ಕಿ ಸೀಟು ಹತ್ತಿ ಕೀಲಿ ತಿರುಗಿಸಿದಳು, ಎಂಜಿನ್ ಹಿಡಿಯಿತು, ಪೆಡಲು ಒತ್ತಿದಳು. ಗಾಡಿ ಕದಲಲಿಲ್ಲ. ಇನ್ನೂ ಒತ್ತಿದಳು. ಒಳಗಿಂದ ಗರಗರ ಸದ್ದು ಬಂತೇ ಹೊರತು ಚಕ್ರ ಒಂದಿಂಚೂ ಹೋಗಲಿಲ್ಲ. ಮೊದಲಾದರೂ ಬೆಳಿಗ್ಗೆ ಓಡುತ್ತಿತ್ತು, ಈಗ ಅದೂ ಇಲ್ಲ.

ಅವಳು ಎಂಜಿನ್ ನಿಲ್ಲಿಸಿ, ಕೈ ತೊಡೆಯ ಮೇಲಿಟ್ಟುಕೊಂಡು ಕೂತಳು. "ಹೋತನಾ ಇದೂ," ಎಂದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮಾವ ಮಣೆಯಿಂದ ಎದ್ದು ಬಂದು ಸ್ಟೇರಿಂಗ್ ಮೇಲೆ ಕೈಯಿಟ್ಟರು. "ಎಂತದೂ ಹೋಗಿಲ್ಲ. ಖಾಲಿ ಮಾಡಿದಾಗ ಪೈಪಿಗೆಲ್ಲ ಗಾಳಿ ಹೊಕ್ಕಿದೆ. ಗಾಳಿ ಒತ್ತಿದ್ರೆ ಕುಗ್ಗತ್ತೆ, ಎಣ್ಣೆ ಕುಗ್ಗಲ್ಲ. ಅದಕ್ಕೇ ಚಕ್ರಕ್ಕೆ ಬಲ ಮುಟ್ತಿಲ್ಲ. ಗಾಳಿ ಹೊರಗೆ ಹಾಕ್ಬೇಕು. ನಿಧಾನದ ಕೆಲ್ಸ, ಇನ್ನೇನಿಲ್ಲ." ಮಧ್ಯೆ ನಾನಿರಲಿಲ್ಲ. ಅವರು ಅವಳಿಗೇ ಹೇಳುತ್ತಿದ್ದರು.

ಸಿರಿಂಜಿನಲ್ಲಿ ಗುಳ್ಳೆ ಉಳಿದರೆ ಏನಾಗುತ್ತದೆಂದು ನನಗೆ ಗೊತ್ತು, ಹಾಗಾಗಿ ಇದು ನನಗೆ ಬೇಗ ಅರ್ಥವಾಯಿತು. ಮುಂದಿನ ಚಕ್ರಗಳಿಗೆ ಕೆಂಪುಕಲ್ಲು ಒತ್ತಿಟ್ಟು, ಹಿಂದಿನ ಭಾಗವನ್ನು ಜಾಕಿನಿಂದ ಎತ್ತಿ ದಪ್ಪ ಮರದ ದಿಮ್ಮಿಗಳ ಮೇಲೆ ಕೂರಿಸಿದೆವು. ಚಕ್ರಗಳು ನೆಲ ಬಿಟ್ಟವು. ಸೀಟಿನ ಮೇಲೆ ಯಾರಾದರೂ ಕೂತಿರದಿದ್ದರೆ ಆ ಗಾಡಿಯ ಎಂಜಿನ್ ತಾನಾಗಿ ನಿಲ್ಲುತ್ತದೆ. ನಾನು ಕೂರುತ್ತೇನೆಂದೆ. ಮಾವ ಬೇಡವೆಂದರು.

"ಅವ್ಳೇ ಕೂತ್ಕಳ್ಳಿ. ಪೆಡಲು ಎಷ್ಟು ಒತ್ತಿದ್ರೆ ಎಂತ ಆಗತ್ತೆ ಅಂತ ಅವ್ಳ ಕಾಲಿಗೆ ಗೊತ್ತು."

ಚಿಕ್ಕಿ ಸ್ಟೂಲಿನ ಮೇಲೆ ಕಾಲಿಟ್ಟು ಮತ್ತೆ ಹತ್ತಿದಳು. ಹಿಂದುಗಡೆ ಒಂದು ಸಣ್ಣ ಲಿವರ್ ಇದೆ. ಗಾಡಿಯನ್ನು ಕೈಯಿಂದ ತಳ್ಳಬೇಕಾದಾಗ ಎಣ್ಣೆಯ ದಾರಿ ತೆರೆದುಬಿಡಲು ಇರುವಂಥದ್ದು. ಮಾವ ಅದನ್ನು ಎಳೆದು, "ಹೂಂ, ಮುಂದೆ. ನಿಧಾನ. ಈಗ ಹಿಂದೆ. ಮತ್ತೆ ಮುಂದೆ," ಎಂದರು. ಅವಳು ಹೇಳಿದಷ್ಟೇ ಒತ್ತಿದಳು. ಟ್ಯಾಂಕಿನಲ್ಲಿ ಗುಳ್ಳೆಗಳು ಬುಳುಬುಳು ಎದ್ದವು. ಎಂಜಿನ್ ನಿಲ್ಲಿಸಿ, ನೊರೆ ಇಳಿಯಲು ಬಿಟ್ಟು, ಎಣ್ಣೆ ಇಳಿದಷ್ಟನ್ನು ತುಂಬಿದೆ. ಲಿವರ್ ಒಳಗೆ ತಳ್ಳಿ ಮತ್ತೆ ಅದೇ ಕ್ರಮ.

ನೊರೆ ಇಳಿಯುವುದನ್ನು ಕಾಯುವಾಗ ಮಾತಾಡದೆ ಇರುವುದು ಕಷ್ಟ. ಮಾವ ಮಣೆಯ ಮೇಲೆ, ಚಿಕ್ಕಿ ಎತ್ತರದ ಸೀಟಿನ ಮೇಲೆ, ಇಬ್ಬರೂ ಒಂದೇ ಟ್ಯಾಂಕನ್ನು ನೋಡುತ್ತ ಕೂತಿದ್ದರು.

"ಕಾಲು ನೋಯತ್ತಾ?" ಎಂದರು ಮಾವ.

"ನೋಯತ್ತೆ. ಹತ್ತೋವಾಗ ಇಳಿಯೋವಾಗ. ಕೂತ ಮೇಲೆ ಇಲ್ಲ." ಟ್ಯಾಂಕಿನಿಂದ ಕಣ್ಣೆತ್ತಿ, "ನಿಂಗೆ ಉಸಿರು ಯಾವಾಗಿಂದ?" ಎಂದಳು.

"ಅದೂ ಅಷ್ಟೇ. ಹತ್ತೋವಾಗ ಇಳಿಯೋವಾಗ."

"ಯಾರಿಗೂ ಹೇಳಿಲ್ಲ."

"ಹೇಳಿದ್ರೆ ನೀನು ನಂಗೆ ಇಲ್ಲಿ ಒಂದು ಕೋಣೆ ಇದೆ ಅಂತಿದ್ದೆ."

ಚಿಕ್ಕಿ ನಗಬಾರದೆಂದು ತುಂಬ ಪ್ರಯತ್ನಪಟ್ಟಳು. ನಾನು ಎಣ್ಣೆ ಡಬ್ಬಿಯ ಮುಚ್ಚಳವನ್ನು ಮುಚ್ಚಿ ತೆಗೆದು ಮಾಡುತ್ತ ಬೇರೇನೋ ಮಾಡುವವಳಂತೆ ಇದ್ದೆ.

ಮತ್ತೆ ಕೀಲಿ ತಿರುಗಿಸಿದಳು. ಗಾಳಿಯಲ್ಲಿದ್ದ ಚಕ್ರಗಳು ಒಮ್ಮೆ ಜಗ್ಗಿದವು, ನಿಂತವು, ಮತ್ತೆ ಜಗ್ಗಿದವು. ಗರಗರ ಕಮ್ಮಿಯಾಗುತ್ತ ಬಂದು ಒಂದೇ ಸಮನಾದ ಗುಂಯ್ ಸದ್ದು ಉಳಿಯಿತು. ಚಕ್ರಗಳು ನುಣ್ಣಗೆ ತಿರುಗತೊಡಗಿದವು. ಚಿಕ್ಕಿ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಒತ್ತಿ ನೋಡಿದಳು. ಆಮೇಲೆ ಸುಮ್ಮನೆ, ಬೇಕಿಲ್ಲದಿದ್ದರೂ, ಇನ್ನೊಮ್ಮೆ ಒತ್ತಿದಳು.

ಕೆಳಗಿಳಿಸಿ, ಟ್ರೇಲರಿಗೆ ಕುಂಡ ತುಂಬಿ ಗುಡ್ಡ ಹತ್ತಿಸಿದಳು. ಹತ್ತಿತು. ಇಳಿದು ಬಂದು ಮತ್ತೆ ಹತ್ತಿತು. ನಾವು ಚಪ್ಪಾಳೆ ತಟ್ಟಿದೆವು, ಕೆಲಸದ ಹೆಂಗಸರಲ್ಲಿ ಹತ್ತಿರದಲ್ಲೇ ಮನೆಯಿದ್ದ ಒಬ್ಬಳು ಸದ್ದು ಕೇಳಿ ನೋಡಲು ಬಂದಳು. ಊಟಕ್ಕೆ ಮುಂಚೆ ಇನ್ನೊಂದು ಸಲ ಎಂದು ಹೊರಟಾಗ, ಏರಿನ ಅರ್ಧದಲ್ಲಿ ಗಾಡಿ ಮತ್ತೆ ಮಂದವಾಯಿತು.

ಮಾವ ಆ ಏರನ್ನು ನಿಧಾನವಾಗಿ ನಡೆದು ಬಂದರು. ಬಂದವರೇ ಮಾತಾಡಲು ಉಸಿರಿಲ್ಲದೆ ಕೈಯಿಂದಲೇ ಎಂಜಿನ್ ನಿಲ್ಲಿಸಲು ಹೇಳಿದರು. ಸ್ವಲ್ಪ ಹೊತ್ತು ಬಿಟ್ಟು ಪಂಪಿನ ಹತ್ತಿರ ಕೈ ತಂದು ಹಿಂತೆಗೆದುಕೊಂಡರು. ಕೆಂಡದಂತೆ ಕಾದಿತ್ತು. ಬಗ್ಗಿ ನೋಡಿದರೆ ಪಂಪಿನ ಮೇಲಿನ ಪುಟ್ಟ ಫ್ಯಾನು, ಅದರ ಕೆಳಗಿನ ಲೋಹದ ಪದರಗಳು ಏನೂ ಕಾಣದಂತೆ ತೆಂಗಿನನಾರಿನ ಪುಡಿ ಮತ್ತು ಹುಲ್ಲು ಒದ್ದೆಯಾಗಿ ಮೆತ್ತಿ, ಒಣಗಿ, ಗಟ್ಟಿಯಾಗಿ ಕೂತಿತ್ತು. ಕುಂಡ ತುಂಬಲು ಅವಳು ಬಳಸುವ ಅದೇ ನಾರಿನ ಪುಡಿ. ಎಣ್ಣೆಯನ್ನು ತಂಪು ಮಾಡುವ ಗಾಳಿ ಒಳಗೆ ಹೋಗುವ ದಾರಿಯೇ ಮುಚ್ಚಿಹೋಗಿತ್ತು.

"ಅಷ್ಟೇ ತಾನೇ," ಎಂದು ಚಿಕ್ಕಿ ಅಲ್ಲೇ ಬಿದ್ದಿದ್ದ ನೀರಿನ ಪೈಪಿಗೆ ಕೈ ಹಾಕಿದಳು.

"ಏಯ್! ಪೈಪ್ ಮುಟ್ಬೇಡ!" ಮಾವ ಎಷ್ಟಿತ್ತೋ ಅಷ್ಟೂ ಉಸಿರು ಸೇರಿಸಿ ಕೂಗಿದರು. ಅವಳು ಬೆಚ್ಚಿ ಪೈಪನ್ನು ಕೆಳಗೆ ಹಾಕಿದಳು. ಆಮೇಲೆ ಮೂವರೂ ನಕ್ಕೆವು. ಮಾವ ನಗಲೂ ಉಸಿರು ಸಾಲದೆ ಬದುವಿನ ಮೇಲೆ ಕೂತರು.

ಗಾಡಿ ಪೂರ್ತಿ ತಣ್ಣಗಾಗುವವರೆಗೆ ಕಾದು, ಹಳೆಯ ಪೇಂಟಿನ ಬ್ರಷ್ಷು ಮತ್ತು ತೆಂಗಿನ ಗರಿಯ ಕಡ್ಡಿಯಿಂದ ಅದನ್ನೆಲ್ಲ ಕೆರೆದು ತೆಗೆದೆವು. ಆ ಕೆಲಸವನ್ನು ಚಿಕ್ಕಿ ಯಾರಿಗೂ ಬಿಡಲಿಲ್ಲ. ಸ್ಟೂಲು ಹಾಕಿಕೊಂಡು ಕೂತು, ಕಿವಿ ಶುಚಿ ಮಾಡುವಷ್ಟು ನಾಜೂಕಿನಿಂದ ಒಂದೊಂದು ಪದರವನ್ನೂ ಬಿಡಿಸಿದಳು. ಆಮೇಲೆ ಗಾಡಿ ಹತ್ತಿತು. ಮತ್ತೆ ಮತ್ತೆ ಹತ್ತಿತು, ಬಿಸಿಲಿನಲ್ಲೂ, ತುಂಬಿದ ಟ್ರೇಲರಿನೊಂದಿಗೂ.

ಮೇಲೆ ನೆರಳುಬಲೆಯ ಕೆಳಗೆ ಏನೇನಿದೆ ಎಂದು ನೋಡಬೇಕೆಂದು ಮಾವನಿಗೆ ಆಸೆ. ಇನ್ನೊಮ್ಮೆ ಆ ಏರು ನಡೆಯುವ ಸ್ಥಿತಿ ಅವರದಾಗಿರಲಿಲ್ಲ. ಮೇಲೆ ನೋಡುತ್ತ ನಿಂತಿದ್ದರು. ಚಿಕ್ಕಿ ಟ್ರೇಲರಿನಿಂದ ಅರ್ಧದಷ್ಟು ಕುಂಡಗಳನ್ನು ಇಳಿಸಿ, ಅದರಲ್ಲಿ ಮಣೆ ಇಟ್ಟು, ಮಣೆಯ ಮೇಲೆ ಮಡಿಚಿದ ಗೋಣಿ ಹಾಕಿದಳು.

"ಹತ್ತು," ಎಂದಳು.

"ಇದ್ರಲ್ಲಾ? ಕುಂಡದ ಜೊತೆಗೆ?"

"ಕುಂಡ ತಕರಾರು ಮಾಡಲ್ಲ. ಹತ್ತು ಅಣ್ಣಯ್ಯ."

ಅಷ್ಟು ವರ್ಷದ ಮೇಲೆ ಆ ಶಬ್ದ ಅವಳ ಬಾಯಲ್ಲಿ ಬಂತು. ಮಾವ ಪಂಚೆ ಎತ್ತಿ ಕಟ್ಟಿಕೊಂಡು ನನ್ನ ಹೆಗಲು ಹಿಡಿದು ಹತ್ತಿ ಕೂತರು, ಟ್ರೇಲರಿನ ಎರಡೂ ಅಂಚನ್ನು ಹಿಡಿದುಕೊಂಡರು. ಗಾಡಿ ಹೊರಟಿತು. ನಾನು ಹಿಂದೆ ನಡೆದೆ. ದಾರಿಯುದ್ದಕ್ಕೂ "ನಿಧಾನ, ನಿಧಾನ, ಪೆಡಲು ಪೂರ್ತಿ ಒತ್ಬೇಡ, ಎಣ್ಣೆ ಹೊಸದು" ಎಂದು ಅವರು, "ಸುಮ್ನೆ ಕೂತ್ಕ, ನಂಗೊತ್ತು" ಎಂದು ಇವಳು. ಮೇಲೆ ಹೋಗಿ ಅವರು ಜಾಯಿಕಾಯಿಯ ಸಾಲು ಸಾಲು ಸಸಿ ನೋಡಿದರು. ಒಂದು ಎಲೆಯನ್ನು ಹಿಡಿದು ತಿರುಗಿಸಿ ನೋಡಿ, "ಇಷ್ಟನ್ನೂ ನೀನೇ ಮಾಡಿದ್ದಾ?" ಎಂದು ಕೇಳಿದರು.

"ಮತ್ಯಾರು?" ಎಂದಳು ಚಿಕ್ಕಿ.

ಸಂಜೆಯ ಬಸ್ಸಿಗೆ ಹೋಗಬೇಕಿದ್ದ ಮಾವ ಹೋಗಲಿಲ್ಲ. ಹೊಸ ಎಣ್ಣೆ ಹಾಕಿದ ಮೇಲೆ ಮರುದಿನ ತಣ್ಣಗಿರುವಾಗ ಮಟ್ಟ ನೋಡಲೇಬೇಕು, ಅದಕ್ಕೆ ಉಳಿಯುತ್ತೇನೆ ಎಂದರು. ಮಟ್ಟ ನೋಡಲು ನನಗೂ ಬರುತ್ತಿತ್ತು, ಚಿಕ್ಕಿಗೂ ಬರುತ್ತಿತ್ತು. ಯಾರೂ ಅದನ್ನು ಹೇಳಲಿಲ್ಲ. ಚಿಕ್ಕಿ ಅಕ್ಕಿಗೆ ಇನ್ನೊಂದು ಪಾವು ಸೇರಿಸಿದಳು.

ಮರುದಿನ ನಾನು ಲ್ಯಾಬಿಗೆ ಹೋಗಬೇಕಿದ್ದರಿಂದ ತೀರ್ಥಹಳ್ಳಿಯ ಮೊದಲ ಬಸ್ಸಿಗೆ ಹೊರಟೆ. ಗೇಟು ದಾಟುವಾಗ ಶೆಡ್ಡಿನಿಂದ ಇಬ್ಬರ ದನಿಯೂ ಜೋರಾಗಿಯೇ ಕೇಳುತ್ತಿತ್ತು. ಸೀಳಿದ ಟೋಪಿಯ ಬದಲು ಹೊಸದು ಸಿಗುವವರೆಗೆ ಮುಚ್ಚಳಕ್ಕೆ ಪ್ಲಾಸ್ಟಿಕ್ ಕವರು ಬಿಗಿಯಾಗಿ ಕಟ್ಟುತ್ತೇನೆ ಎಂದು ಅವಳು. ಬಿಗಿಯಾಗಿ ಕಟ್ಟಿದರೆ ಟ್ಯಾಂಕು ಉಸಿರಾಡುವುದು ಹೇಗೆ, ಸಡಿಲ ಬಿಡಬೇಕು ಎಂದು ಅವರು. ಸಡಿಲ ಬಿಟ್ಟರೆ ಧೂಳು ಹೋಗುವುದಿಲ್ಲವಾ ಎಂದು ಅವಳು. ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತು ನೋಡಿದೆ. ಇಬ್ಬರೂ ಟ್ಯಾಂಕಿನ ಮೇಲೆ ಬಗ್ಗಿದ್ದರು. ನಾನು ಹೊರಟದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.